ಟಿಂಚರ್ ಬಾಟಲಿ ಎಲ್ಲಿಯವರೆಗೆ? ಅಯೋಡಿನ್ ಮತ್ತು ಹೆಣ್ಣಿನ ಒಳ ಆರೋಗ್ಯ

(ಮಹಿಳೆಯರಿಗಾಗಿ ಮಾಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಹುಪಾಲು ಮನೆಗಳ ಔಷಧಿ ಡಬ್ಬಿಯಲ್ಲಿ ಕೆಂಗಂದು ಬಣ್ಣದ ಒಂದು ಬಾಟಲಿ ಇರುತ್ತದೆ. ಹಿರಿಯರು ಅದನ್ನು ಟಿಂಚರ್ ಎನ್ನುತ್ತಾರೆ, ಈಗಿನವರಿಗೆ ಅದು ಬೆಟಾಡಿನ್. ಮೊಣಕಾಲು ತರಚಿದರೂ ಈಳಿಗೆ ತಾಗಿದರೂ ಕೈ ಹೋಗುವುದು ಅದರ ಕಡೆಗೇ. ಬಿಳಿ ಸೆರಗು ಹೋಗುವಾಗ, ಕೆಳಗೆ ತುರಿಸುವಾಗ, ವಾಸನೆ ಬರುವಾಗ ಅದೇ ಬಾಟಲಿಯನ್ನು ನೀರಿಗೆ ಬೆರೆಸಿ ತೊಳೆದುಕೊಳ್ಳುವವರೂ ಇದ್ದಾರೆ. ‘ಡಾಕ್ಟರೇ ಹಚ್ಚುತ್ತಾರಲ್ಲ, ನಾವು ಹಚ್ಚಿಕೊಂಡರೆ ಏನು ತಪ್ಪು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಪೂರ್ತಿ ಉತ್ತರ ಕೊಡಬೇಕು. ‘ಮಾಡಬೇಡಿ’ ಎಂದಷ್ಟೇ ಗದರಿಸಿ ಕಳಿಸಿದರೆ ಯಾರೂ ಬಿಡುವುದಿಲ್ಲ.

ನಾವು ‘ಕೆಳಗೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಕಡೆ ಎರಡು ಬೇರೆ ಬೇರೆ ಜಾಗಗಳಿವೆ. ಕೂದಲು ಬೆಳೆಯುವ ಚರ್ಮ, ತುಟಿಗಳಂಥ ಮಡಿಕೆಗಳು, ಇವು ಹೊರಭಾಗ. ಅಲ್ಲಿಂದ ಗರ್ಭಕೋಶದ ಕೊರಳಿನವರೆಗೆ ಒಳಗೆ ಹೋಗುವ ಮೆತ್ತನೆಯ ಹಾದಿ ಯೋನಿ. ಯೋನಿಯ ಒಳಮೈ ಕೈಕಾಲಿನ ಚರ್ಮದಂಥದ್ದಲ್ಲ, ಬಾಯಿಯ ಒಳಗಿನ ಪೊರೆಯಂಥದ್ದು. ಸದಾ ತೇವವಾಗಿರುತ್ತದೆ, ಕೆಳಗೆ ರಕ್ತನಾಳಗಳು ತುಂಬಿರುತ್ತವೆ, ಹಚ್ಚಿದ್ದನ್ನು ಹೀರಿಕೊಳ್ಳುತ್ತದೆ. ಇವತ್ತಿನ ಇಡೀ ಮಾತು ಈ ಒಂದು ಗೆರೆಯ ಮೇಲೆ ನಿಂತಿದೆ: ಹೊರಗಿನ ಚರ್ಮದ ಸಣ್ಣ ಗಾಯಕ್ಕೆ ಅಯೋಡಿನ್ ಒಳ್ಳೆಯ ಔಷಧ. ಗೆರೆ ದಾಟಿ ಒಳಗೆ ಹೋಗುವಾಗ ಅದು ಮನೆಮದ್ದಾಗಿ ಉಳಿಯುವುದಿಲ್ಲ.

ಏಕೆಂದರೆ ಒಳಗಿರುವುದು ಗಾಯವಲ್ಲ, ಕೊಳೆಯೂ ಅಲ್ಲ. ಹರೆಯಕ್ಕೆ ಬಂದ ಮೇಲೆ ಈಸ್ಟ್ರೋಜನ್ ಹಾರ್ಮೋನಿನಿಂದ ಯೋನಿಯ ಒಳಪೊರೆ ದಪ್ಪವಾಗಿ, ಅದರ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತು ಶೇಖರವಾಗುತ್ತದೆ. ಅದನ್ನು ಆಹಾರ ಮಾಡಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಬದುಕುತ್ತವೆ. ಹಾಲನ್ನು ಮೊಸರು ಮಾಡುವ ಹೆಪ್ಪಿನ ಹತ್ತಿರದ ಬಳಗವೇ ಇವು. ಹೆಪ್ಪಿನ ಹಾಗೆಯೇ ಇವೂ ಲ್ಯಾಕ್ಟಿಕ್ ಆಮ್ಲ ತಯಾರಿಸಿ ಜಾಗವನ್ನು ಹುಳಿಯಾಗಿ ಇಡುತ್ತವೆ. ಆರೋಗ್ಯವಂತ ಯೋನಿಯ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.8ರಿಂದ 4.5ರ ಒಳಗೆ ಇರುತ್ತದೆ. ಈ ಹುಳಿಯೇ ಅಲ್ಲಿನ ಕಾವಲು, ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಅದರಲ್ಲಿ ಬೆಳೆಯುವುದು ಕಷ್ಟ.

ಅಯೋಡಿನ್‌ಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಗೊತ್ತಿಲ್ಲ. ಅದರ ಶಕ್ತಿ ಇರುವುದೇ ಅಲ್ಲಿ. ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಎಲ್ಲವನ್ನೂ ನಿಮಿಷಗಳಲ್ಲಿ ಕೊಲ್ಲುತ್ತದೆ. ಹೆಪ್ಪು ಹಾಕಿದ ಪಾತ್ರೆಗೆ ಟಿಂಚರ್ ಸುರಿದರೆ ಮೊಸರು ಕೂರುವುದೇ? ಯೋನಿಯೊಳಗೆ ಆಗುವುದೂ ಅದೇ. ತೊಳೆದುಕೊಂಡ ದಿನ ವಾಸನೆ ಹೋಗುತ್ತದೆ, ತುರಿಕೆ ತಗ್ಗಿದಂತೆ ಅನಿಸುತ್ತದೆ. ಆದರೆ ಕಾವಲೂ ಸತ್ತಿರುತ್ತದೆ. ಕೆಲವು ದಿನ ಕಳೆದ ಮೇಲೆ ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ಬೇಡದ ಬ್ಯಾಕ್ಟೀರಿಯಾಗಳೇ. ವಾಸನೆ ಮತ್ತೆ ಬರುತ್ತದೆ, ಮತ್ತೆ ತೊಳೆಯುತ್ತಾರೆ. ‘ಬೆಟಾಡಿನ್ ಹಾಕಿದರೆ ಮಾತ್ರ ಕಡಿಮೆ ಇರುತ್ತದೆ, ಬಿಟ್ಟರೆ ಜೋರಾಗುತ್ತದೆ’ ಎನ್ನುವವರಲ್ಲಿ ಎಷ್ಟೋ ಜನ ಈ ಸುಳಿಯಲ್ಲೇ ಸಿಕ್ಕಿರುತ್ತಾರೆ.

ನೀರು ಹೆಚ್ಚು ಬೆರೆಸಿದರೆ ತೊಂದರೆ ಇಲ್ಲ ಎಂಬ ಎಣಿಕೆಯೂ ಇದೆ. ಇಲ್ಲಿ ಅಯೋಡಿನ್ನಿನ ಒಂದು ವಿಚಿತ್ರ ಗುಣ ತಿಳಿದಿರಬೇಕು. ಬೆಟಾಡಿನ್ ಬಾಟಲಿಯಲ್ಲಿರುವ ಪೊವಿಡೋನ್ ಅಯೋಡಿನ್‌ನಲ್ಲಿ ಅಯೋಡಿನ್ ಒಂದು ಪಾಲಿಮರಿಗೆ, ಅಂದರೆ ಉದ್ದ ಸರಪಳಿಯಂಥ ಅಣುವಿಗೆ, ಅಂಟಿಕೊಂಡಿರುತ್ತದೆ. ಬಿಡಿಬಿಡಿಯಾಗಿ ಹೊರಬಂದ ಅಯೋಡಿನ್ ಮಾತ್ರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಶೇಕಡ 10ರ ದ್ರಾವಣಕ್ಕೆ ನೀರು ಬೆರೆಸುತ್ತ ಹೋದಂತೆ ಅಂಟು ಸಡಿಲವಾಗಿ ಬಿಡಿ ಅಯೋಡಿನ್ ಹೆಚ್ಚುತ್ತದೆ, ಸುಮಾರು ಶೇಕಡ 0.1ರ ಹತ್ತಿರ ಅದು ಗರಿಷ್ಠಕ್ಕೆ ಏರುತ್ತದೆ. ಬಣ್ಣ ತೆಳುವಾಯಿತೆಂದರೆ ಹೊಡೆತವೂ ತೆಳುವಾಯಿತು ಎಂದಲ್ಲ. ಇನ್ನೊಂದು ಕಡೆ, ರಕ್ತ, ಕೀವು, ಸ್ರಾವ ತಾಗಿದರೆ ಅಯೋಡಿನ್ ಬೇಗ ಕೆಲಸ ಕಳೆದುಕೊಳ್ಳುತ್ತದೆ, ಕಂದು ಬಣ್ಣ ಮಾಸಿ ಹೋಗುವುದು ಅದರ ಗುರುತು. ಹೀಗಾಗಿ ಮನೆಯಲ್ಲಿ ಬೆರೆಸಿದ ನೀರು ಎಷ್ಟು ಕೆಲಸ ಮಾಡುತ್ತದೆ, ಎಲ್ಲಿ ಮಾಡುತ್ತದೆ ಎಂಬುದು ಬೆರೆಸಿದವರ ಹಿಡಿತದಲ್ಲಿ ಇರುವುದೇ ಇಲ್ಲ.

ಯಾವ ಬಾಟಲಿ?

ಅಂಗಡಿಯಲ್ಲಿ ಕೆಂಗಂದು ಬಾಟಲಿಗಳೆಲ್ಲ ಅಕ್ಕತಂಗಿಯರಂತೆ ಕಾಣುತ್ತವೆ. ಒಳಗಿರುವುದು ಮಾತ್ರ ಬೇರೆ ಬೇರೆ. ಲೇಬಲ್ ಓದದೆ ಬಳಸಿದರೆ ಸುಟ್ಟ ಗಾಯಗಳಾಗಬಹುದು.

ಹಳೆಯ ಟಿಂಚರ್ ಅಯೋಡಿನ್ ಎಂದರೆ ಶೇಕಡ 2ರಷ್ಟು ಅಯೋಡಿನ್ ಅನ್ನು ಆಲ್ಕೋಹಾಲಿನಲ್ಲಿ ಕರಗಿಸಿದ್ದು. ಗಾಯಕ್ಕೆ ಹಚ್ಚಿದಾಗ ಮಕ್ಕಳು ಕುಣಿಯುವುದು ಆ ಆಲ್ಕೋಹಾಲಿನ ಉರಿಗೆ. ಇದನ್ನು ಕೆಳಗಿನ ಮಡಿಕೆಗಳ ಹತ್ತಿರಕ್ಕೂ ತರಬಾರದು, ನೀರು ಬೆರೆಸಿಯೂ ಬೇಡ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೊವಿಡೋನ್ ಅಯೋಡಿನ್ ರೂಪುಗೊಂಡಿದ್ದೇ ಈ ಉರಿಯನ್ನು ತಪ್ಪಿಸುವುದಕ್ಕಾಗಿ. ಬೆಟಾಡಿನ್ ಮತ್ತು ಅದರಂಥ ಬಾಟಲಿಗಳಲ್ಲಿರುವುದು ಅದು. ಅದರಲ್ಲಿ ‘ಸೊಲ್ಯೂಷನ್’ ಎಂದು ಬರೆದಿರುವುದು ಶೇಕಡ 5 ಅಥವಾ 10ರದ್ದು, ಗಾಯಕ್ಕೆ ಹಚ್ಚುವಂಥದ್ದು. ‘ಸರ್ಜಿಕಲ್ ಸ್ಕ್ರಬ್’ ಎಂದಿದ್ದರೆ ಅದು ಶೇಕಡ 7.5ರದ್ದು. ಡಾಕ್ಟರು ಆಪರೇಷನ್‌ಗೆ ಮುಂಚೆ ಕೈ ಉಜ್ಜಿಕೊಳ್ಳುವ, ನೊರೆ ಬರುವ ಸಾಬೂನು ಅದು. ನಡುವಿನ ಅಂಕಿ ನೋಡಿ ‘ಇದೇ ಹದವಾದದ್ದು’ ಎಂದು ಸ್ಕ್ರಬ್ ತಂದು ಒಳಗೆ ತೊಳೆದುಕೊಂಡರೆ ಅದರ ಡಿಟರ್ಜೆಂಟ್ ಒಳಪೊರೆಯನ್ನೇ ಕೆರೆದು ಹಾಕುತ್ತದೆ. ಗಂಟಲು ಮುಕ್ಕಳಿಸುವ ಬಾಟಲಿ ಇನ್ನೊಂದು. ಅದರಲ್ಲಿ ಮೆಂಥಾಲ್‌ನಂಥ ರುಚಿಯ ಪದಾರ್ಥಗಳು ಸೇರಿರುವುದುಂಟು, ಬಾಯಿಗೆ ತಂಪೆನಿಸಿದ್ದು ಕೆಳಗೆ ಬೆಂಕಿ.

ಲುಗೋಲ್ ದ್ರಾವಣ ಎಂಬ ಮತ್ತೊಂದಿದೆ. 1829ರಲ್ಲಿ ಪ್ಯಾರಿಸ್‌ನ ವೈದ್ಯ ಲುಗೋಲ್ ಸಿದ್ಧಪಡಿಸಿದ್ದು, ಶೇಕಡ 5 ಅಯೋಡಿನ್ ಮತ್ತು ಶೇಕಡ 10 ಪೊಟ್ಯಾಸಿಯಂ ಅಯೋಡೈಡ್ ನೀರಿನಲ್ಲಿ ಕರಗಿರುತ್ತದೆ. ಇದನ್ನು ‘ದಿನಕ್ಕೆರಡು ಹನಿ ಕುಡಿದರೆ ಎದೆಯ ಗಂಟು ಕರಗುತ್ತದೆ, ಮುಟ್ಟು ಸರಿಯಾಗುತ್ತದೆ’ ಎಂಬ ಮಾತುಗಳು ಮೊಬೈಲಿನಲ್ಲಿ ಓಡಾಡುತ್ತವೆ. ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ ಅಯೋಡಿನ್ ಇರುತ್ತದೆ, ನಮಗೆ ದಿನಕ್ಕೆ ಬೇಕಾದದ್ದರ ಸುಮಾರು 40 ಪಟ್ಟು. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಮಾಡಬೇಕಾದದ್ದು ಪರೀಕ್ಷೆ, ಹನಿ ಎಣಿಸುವುದಲ್ಲ.

ಕುತ್ತಿಗೆಯ ಲೆಕ್ಕ

ಒಳಗೆ ಹಾಕಿದ ಅಯೋಡಿನ್ ಒಳಗೇ ಉಳಿಯುವುದಿಲ್ಲ. ಅದು ರಕ್ತಕ್ಕೆ ಇಳಿದು ನೇರವಾಗಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಹೋಗುತ್ತದೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಕೇಳಿ, ಇದು ಯಾವ ಬಾಟಲಿಯ ಮೇಲೂ ದಪ್ಪ ಅಕ್ಷರದಲ್ಲಿ ಇರುವುದಿಲ್ಲ.

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಬಸುರಿ ಬಾಣಂತಿಯರಿಗೆ 250. ಸಾಸಿವೆ ಕಾಳಿಗಿಂತ ಎಷ್ಟೋ ಕಡಿಮೆ ತೂಕ. ನಮ್ಮ ಅಯೋಡಿನ್ ಉಪ್ಪಿನಲ್ಲಿ ಮನೆಗೆ ತಲುಪುವಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂಬ ನಿಯಮ ಇರುವುದು ಈ ಲೆಕ್ಕದ ಮೇಲೆ. ಈಗ ಬಾಟಲಿಗೆ ಬನ್ನಿ. ಶೇಕಡ 10ರ ಪೊವಿಡೋನ್ ಅಯೋಡಿನ್‌ನ ಪ್ರತಿ ಮಿಲಿಲೀಟರಿನಲ್ಲಿ ಸುಮಾರು 10 ಮಿಲಿಗ್ರಾಂ ಅಯೋಡಿನ್. ಎರಡು ಟೀ ಚಮಚ, ಅಂದರೆ 10 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಅಷ್ಟು ಅಯೋಡಿನ್ ಉಪ್ಪಿನಿಂದ ಸಿಗಬೇಕಾದರೆ ಆರೂವರೆ ಕಿಲೋಗಿಂತ ಹೆಚ್ಚು ಉಪ್ಪು ಬೇಕು. ಎಲ್ಲವೂ ರಕ್ತಕ್ಕೆ ಸೇರುವುದಿಲ್ಲ, ನಿಜ. ನೂರರಲ್ಲಿ ಎರಡೇ ಪಾಲು ಸೇರಿತು ಎಂದುಕೊಂಡರೂ 2 ಮಿಲಿಗ್ರಾಂ ಆಯಿತು, ಹದಿಮೂರು ದಿನದ್ದು ಒಂದೇ ಸಲ. 200 ಮಿಲಿಗ್ರಾಮಿನ ಪೊವಿಡೋನ್ ಅಯೋಡಿನ್ ಪೆಸರಿ, ಅಂದರೆ ಒಳಗಿಡುವ ಮಾತ್ರೆಯಲ್ಲೂ ಸುಮಾರು 20 ಮಿಲಿಗ್ರಾಂ ಅಯೋಡಿನ್ ಇರುತ್ತದೆ.

ಹೀರಿಕೊಳ್ಳುತ್ತದೆ ಎಂಬುದು ಊಹೆಯಲ್ಲ. 1980ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸುರಿಯರಲ್ಲದ ಹೆಂಗಸರ ಯೋನಿಯನ್ನು ಕೇವಲ ಎರಡು ನಿಮಿಷ ಪೊವಿಡೋನ್ ಅಯೋಡಿನ್‌ನಿಂದ ಶುಚಿ ಮಾಡಿದರೂ ಒಂದು ಗಂಟೆಯೊಳಗೆ ರಕ್ತದಲ್ಲಿ ಅಯೋಡಿನ್ ಹಲವು ಪಟ್ಟು ಏರಿತ್ತು.

ಅಯೋಡಿನ್ ಒಮ್ಮೆಲೇ ಹೆಚ್ಚಾದಾಗ ಥೈರಾಯ್ಡ್ ಹಾರ್ಮೋನ್ ತಯಾರಿಸುವ ತನ್ನ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಕೆಲವೇ ದಿನಗಳಲ್ಲಿ ಅದು ಮತ್ತೆ ಚಾಲೂ ಆಗುತ್ತದೆ. ಮೊದಲೇ ಥೈರಾಯ್ಡ್ ದುರ್ಬಲವಾಗಿದ್ದವರಲ್ಲಿ ಆಗದೆ ಉಳಿಯಬಹುದು. ಆಗ ಸುಸ್ತು, ಮಲಬದ್ಧತೆ, ಮುಟ್ಟಿನ ಏರುಪೇರು ಬರುತ್ತವೆ. ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಬಹುಕಾಲ ಅಯೋಡಿನ್ ಕೊರತೆಯಲ್ಲಿ ಬೆಳೆದ, ಗಂಟುಗಳಿರುವ ಗಳಗಂಡಕ್ಕೆ (ಊದಿದ ಥೈರಾಯ್ಡ್‌ಗೆ) ದಿಢೀರನೆ ಅಯೋಡಿನ್ ಸಿಕ್ಕರೆ ಅದು ಮಿತಿ ಮೀರಿ ಹಾರ್ಮೋನ್ ಸುರಿಸುತ್ತದೆ. ಎದೆಬಡಿತ, ಕೈನಡುಕ, ತೂಕ ಇಳಿಯುವುದು ಶುರುವಾಗುತ್ತದೆ. ನಮ್ಮ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಕಡೆ ಗಳಗಂಡ ಹಿಂದಿನಿಂದಲೂ ಇದ್ದದ್ದು. ಅಲ್ಲಿನ ವಯಸ್ಸಾದ ಹೆಂಗಸರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಬಸುರಿನಲ್ಲಂತೂ ಮಾತೇ ಬೇರೆ. ಮಗುವಿನ ಥೈರಾಯ್ಡ್ ಸುಮಾರು 10ರಿಂದ 12ನೇ ವಾರದಲ್ಲಿ ಅಯೋಡಿನ್ ಹಿಡಿದಿಟ್ಟುಕೊಳ್ಳಲು ಶುರು ಮಾಡುತ್ತದೆ. ಆದರೆ ಅತಿಯಾದ ಅಯೋಡಿನ್ನಿಂದ ನಿಂತ ಕೆಲಸವನ್ನು ಮತ್ತೆ ಶುರು ಮಾಡುವ ಜಾಣ್ಮೆ ಅದಕ್ಕೆ ಬರುವುದು 36ನೇ ವಾರದ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ತಾಯಿ ದಿನಾ ಒಳಗೆ ಅಯೋಡಿನ್ ಹಾಕಿಕೊಂಡರೆ ಮಗುವಿನ ಥೈರಾಯ್ಡ್ ಮಂಕಾಗಿ ನಿಲ್ಲಬಹುದು. ಮಿದುಳು ಬೆಳೆಯುವ ಕಾಲ ಅದು. ಎದೆಹಾಲಿಗೂ ಅಯೋಡಿನ್ ಇಳಿಯುತ್ತದೆ, ತಾಯಿಯ ರಕ್ತದಲ್ಲಿರುವುದಕ್ಕಿಂತ ಗಟ್ಟಿಯಾಗಿ ಇಳಿಯುತ್ತದೆ. ಬಸುರಿ, ಬಾಣಂತಿ, ಥೈರಾಯ್ಡ್ ತೊಂದರೆ ಇರುವವರು, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು, ಥೈರಾಯ್ಡ್ ಸ್ಕ್ಯಾನ್‌ಗೆ ದಿನ ಗೊತ್ತಾಗಿರುವವರು ವೈದ್ಯರು ಬರೆದುಕೊಡದೆ ಇದನ್ನು ಒಳಗೆ ಬಳಸಲೇಬಾರದು.

ಹಾಗಾದರೆ ಡಾಕ್ಟರು ಹಚ್ಚುವುದು ಯಾಕೆ?

ಎರಡು ಕಾರಣಕ್ಕೆ ಹಚ್ಚುತ್ತಾರೆ. ಎರಡೂ ಆ ಕ್ಷಣದ ಕೆಲಸಗಳು.

ಒಂದು, ಆಪರೇಷನ್. ಸಿಸೇರಿಯನ್‌ಗೆ ತುಸು ಮುಂಚೆ ಪೊವಿಡೋನ್ ಅಯೋಡಿನ್‌ನಿಂದ ಯೋನಿಯನ್ನು ಒರೆಸಿದರೆ ಗರ್ಭಕೋಶದ ಸೋಂಕು ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಇದೆ. ಗರ್ಭಕೋಶ ತೆಗೆಯುವಾಗಲೂ ಹೀಗೆ ಮಾಡುತ್ತಾರೆ. ಅಲ್ಲಿ ಒಂದು ಗಂಟೆಯ ಮಟ್ಟಿಗೆ ಸೂಕ್ಷ್ಮಜೀವಿಗಳೆಲ್ಲ ಕಡಿಮೆಯಾದರೆ ಸಾಕು, ಕಾವಲಿನ ಬ್ಯಾಕ್ಟೀರಿಯಾ ಆಮೇಲೆ ಚೇತರಿಸಿಕೊಳ್ಳುತ್ತದೆ. ದಿನಾ ಹೀಗೆ ಮಾಡಿದರೆ ಚೇತರಿಕೆಗೆ ಸಮಯವೇ ಇರುವುದಿಲ್ಲ.

ಇನ್ನೊಂದು, ಗರ್ಭಕೋಶದ ಕೊರಳಿನ ಪರೀಕ್ಷೆ. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಅಯೋಡಿನ್ ಹನಿ ಹಾಕಿ, ಪಿಷ್ಟವಿದ್ದರೆ ನೀಲಿಗಪ್ಪು ಆಗುವುದನ್ನು ನೋಡಿದ್ದೀರಲ್ಲ, ಇದೂ ಅದೇ ಜಾತಿಯ ಪರೀಕ್ಷೆ. ವಿಯೆನ್ನಾದ ವೈದ್ಯ ಶಿಲ್ಲರ್ 1920ರ ದಶಕದ ಕೊನೆಗೆ ಇದನ್ನು ತಂದರು. ಲುಗೋಲ್ ದ್ರಾವಣ ಹಚ್ಚಿದಾಗ ಗ್ಲೈಕೋಜನ್ ತುಂಬಿದ ಆರೋಗ್ಯವಂತ ಜೀವಕೋಶಗಳು ಗಾಢ ಕಂದು ಬಣ್ಣಕ್ಕೆ ತಿರುಗುತ್ತವೆ. ಕ್ಯಾನ್ಸರಿನ ದಾರಿ ಹಿಡಿದ ಜೀವಕೋಶಗಳಲ್ಲಿ ಗ್ಲೈಕೋಜನ್ ಇರುವುದಿಲ್ಲ, ಅವು ಬಣ್ಣ ಹಿಡಿಯದೆ ಸಾಸಿವೆ ಹಳದಿಯಾಗಿ ನಿಲ್ಲುತ್ತವೆ. ಅಂದರೆ ಇಲ್ಲಿ ಅಯೋಡಿನ್ ಚಿಕಿತ್ಸೆಯಲ್ಲ, ಬರೀ ಶಾಯಿ. ಪರೀಕ್ಷೆ ಆದ ಮೇಲೆ ಒಂದೆರಡು ದಿನ ಕಂದು ಸ್ರಾವ ಬರುತ್ತದೆ, ಪ್ಯಾಡ್ ಇಟ್ಟುಕೊಳ್ಳಿ, ಗಾಬರಿ ಬೇಡ. ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಯಲ್ಲಿ ಅಯೋಡಿನ್ ಬದಲು ಶೇಕಡ 3ರಿಂದ 5ರ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಮನೆಯಲ್ಲಿ ಬಳಸುವುದಾದರೆ

ಹೊರಭಾಗದ ಕೂದಲು ತೆಗೆಯುವಾಗ ಬ್ಲೇಡ್ ತಾಗಿದೆ, ಕೂದಲ ಬುಡದಲ್ಲಿ ಸಣ್ಣ ಗುಳ್ಳೆಯಾಗಿದೆ ಎಂದಿಟ್ಟುಕೊಳ್ಳಿ. ಕೈ ತೊಳೆದು, ಜಾಗವನ್ನು ಬರೀ ನೀರಿನಿಂದ ತೊಳೆದು ಒತ್ತಿ ಒರೆಸಿ. ಶೇಕಡ 5ರ ಸೊಲ್ಯೂಷನ್‌ನಲ್ಲಿ ಶುಭ್ರ ಹತ್ತಿಯನ್ನು ಅದ್ದಿ ಗಾಯಕ್ಕೆ ಮಾತ್ರ ತೆಳುವಾಗಿ ಸವರಿ. ಎರಡು ನಿಮಿಷ ಆರಲು ಬಿಡಿ. ದಿನಕ್ಕೆ ಎರಡು ಸಲ, ಎರಡು ಮೂರು ದಿನ ಸಾಕು. ಒದ್ದೆ ಹತ್ತಿಯನ್ನು ಒಳ ಉಡುಪಿನೊಳಗೆ ಇಟ್ಟುಕೊಂಡು ಮಲಗಬೇಡಿ. ಒತ್ತಿ ಹಿಡಿದ, ಆರದ ಅಯೋಡಿನ್ ಚರ್ಮವನ್ನು ಸುಡುತ್ತದೆ. ಆಪರೇಷನ್ ಮೇಜಿನ ಮೇಲೆ ರೋಗಿಯ ಬೆನ್ನಡಿಗೆ ದ್ರಾವಣ ಹರಿದು ನಿಂತಾಗಲೂ ಇದೇ ರೀತಿ ಸುಟ್ಟ ಗಾಯಗಳಾಗುತ್ತವೆ. ಮೇಲಿಂದ ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್ ಅಂತ ಮತ್ತೊಂದನ್ನು ಸೇರಿಸಬೇಡಿ.

ಹೆರಿಗೆಯ ಹೊಲಿಗೆಗೆ ಬೆಚ್ಚಗಿನ ನೀರಿನಲ್ಲಿ ಕೂರಲು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಆ ಹಿತ ಕೊಡುವುದು ಬೆಚ್ಚಗಿನ ನೀರೇ ಹೊರತು ಅಯೋಡಿನ್ ಅಲ್ಲ. ನಿಮ್ಮ ಚೀಟಿಯಲ್ಲಿ ಬೆಟಾಡಿನ್ ಬರೆದಿದ್ದರೆ ಬರೆದಷ್ಟೇ ಹಾಕಿ, ಬರೆದಷ್ಟೇ ದಿನ ಹಾಕಿ. ಕುದಿಸಿ ಆರಿಸಿದ ನೀರು ಮೊಣಕೈಗೆ ಹಿತವೆನಿಸುವಷ್ಟು ಬೆಚ್ಚಗಾದ ಮೇಲೆ ಬೆರೆಸಬೇಕು. ಕುದಿನೀರಿಗೆ ಹಾಕಿದರೆ ಅಯೋಡಿನ್ ಆವಿಯಾಗಿ ಮೂಗಿಗೆ ಹೊಡೆಯುತ್ತದೆ. ಹತ್ತು ನಿಮಿಷ ಕೂತು, ಎದ್ದು, ಮುಂದಿನಿಂದ ಹಿಂದಕ್ಕೆ ಒತ್ತಿ ಒರೆಸಿ. ಬೆಳಗ್ಗೆ ಬೆರೆಸಿದ ನೀರನ್ನು ಸಂಜೆಗೆ ಇಡಬೇಡಿ. ಹೊಲಿಗೆಯಿಂದ ಕೀವು, ಜ್ವರ, ದಿನೇ ದಿನೇ ಹೆಚ್ಚುವ ನೋವು ಕಂಡರೆ ನೀರಿನಲ್ಲಿ ಕೂತು ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಹೋಗಬೇಕು.

ಯೋನಿಯೊಳಗೆ ಪಿಚಕಾರಿ, ಜೆಟ್ ಸ್ಪ್ರೇ, ಬಾಟಲಿಯಿಂದ ನೀರು ಹಾಯಿಸುವುದು ಅಯೋಡಿನ್ ಇದ್ದರೂ ಇಲ್ಲದಿದ್ದರೂ ಬೇಡ. ಗರ್ಭಕೋಶದ ಕೊರಳಿನಲ್ಲಿರುವ ಸೋಂಕನ್ನು ಒತ್ತಡದ ನೀರು ಗರ್ಭಕೋಶಕ್ಕೂ ನಾಳಗಳಿಗೂ ತಳ್ಳಬಲ್ಲದು. ಸಂಗದ ನಂತರ ತೊಳೆದುಕೊಂಡರೆ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆಯೂ ಸುಳ್ಳು, ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಕೊರಳನ್ನು ಸೇರಿರುತ್ತವೆ.

ಬಿಳಿ ಸೆರಗಿನ ಮಾತು

ಮೂಳೆ ಕರಗಿ ಬಿಳಿ ಸೆರಗಾಗಿ ಹೋಗುತ್ತದೆ ಎಂಬ ಭಯ ನಮ್ಮ ಹೆಣ್ಣುಮಕ್ಕಳನ್ನು ಎಷ್ಟು ಕಾಡಿದೆ! ಮೂಳೆ ಕರಗುವುದಿಲ್ಲ. ಎರಡು ಮುಟ್ಟುಗಳ ನಡುವೆ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಬರುವುದು, ಬಸುರಿನಲ್ಲಿ ಹೆಚ್ಚುವುದು, ವಾಸನೆ ತುರಿಕೆ ಇಲ್ಲದೆ ಬಿಳಿಯಾಗಿ ಇರುವುದು, ಎಲ್ಲ ಸಹಜ. ಅದಕ್ಕೆ ಔಷಧವೇ ಬೇಡ.

ಒಡೆದ ಹಾಲಿನಂಥ, ಗಟ್ಟಿಗಟ್ಟಿಯಾದ ಸ್ರಾವ, ಕೆಟ್ಟ ತುರಿಕೆ, ವಾಸನೆ ಇಲ್ಲ: ಬಹಳ ಸಲ ಶಿಲೀಂಧ್ರ. ಕ್ಲೋಟ್ರಿಮಜೋಲ್ ಪೆಸರಿ ಅಥವಾ ಫ್ಲುಕೊನಜೋಲ್ 150 ಮಿಲಿಗ್ರಾಂ ಮಾತ್ರೆಗೆ ಬಗ್ಗುತ್ತದೆ. ಬಸುರಿಯರಿಗೆ ನುಂಗುವ ಮಾತ್ರೆ ಬೇಡ, ಪೆಸರಿಯೇ. ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆ ನೋಡಿಸಿ. ತೆಳುವಾದ ಬೂದು ಸ್ರಾವ, ಮೀನಿನ ವಾಸನೆ, ಅದೂ ಸಂಗದ ನಂತರ ಹೆಚ್ಚು: ಇದು ಕಾವಲಿನ ಬ್ಯಾಕ್ಟೀರಿಯಾ ಕಡಿಮೆಯಾದ ಕಾಯಿಲೆ, ಮೆಟ್ರೋನಿಡಜೋಲ್ ಬೇಕು. ತೊಳೆದಷ್ಟೂ ಹೆಚ್ಚುವುದು ಇದೇ. ಹಸಿರುಹಳದಿ, ನೊರೆನೊರೆ ಇದ್ದರೆ ಗಂಡನಿಗೂ ಚಿಕಿತ್ಸೆ ಆಗಬೇಕು. ಲಕ್ಷಣಗಳು ಒಂದರೊಳಗೊಂದು ಬೆರೆಯುವುದರಿಂದ ತೋರಿಸಿಯೇ ಮದ್ದು ತೆಗೆದುಕೊಳ್ಳಿ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ಸ್ರಾವಕ್ಕೆ ಸೆಕ್ನಿಡಜೋಲ್ 2 ಗ್ರಾಂ ಮತ್ತು ಫ್ಲುಕೊನಜೋಲ್ 150 ಮಿಲಿಗ್ರಾಂ ಇರುವ ಹಸಿರು ಬಣ್ಣದ ಕಿಟ್ ಉಚಿತವಾಗಿ ಕೊಡುತ್ತಾರೆ. ಹೆಸರು ಗುಟ್ಟಾಗಿ ಉಳಿಯುತ್ತದೆ.

ಮುಟ್ಟು ನಿಂತವರಲ್ಲಿ ಉರಿ, ತುರಿಕೆಗೆ ಬಹಳ ಸಲ ಕಾರಣ ಸೋಂಕಲ್ಲ, ಒಣಗಿ ತೆಳುವಾದ ಪೊರೆ. ಅದರ ಮೇಲೆ ಅಯೋಡಿನ್ ಹಾಕಿದರೆ ಇನ್ನಷ್ಟು ಒಣಗುತ್ತದೆ. ಇದಕ್ಕೆ ಬೇರೆ ಕ್ರೀಮುಗಳಿವೆ, ಕೇಳಲು ನಾಚಿಕೊಳ್ಳಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಸಂಗದ ನಂತರ ರಕ್ತ ಬಂದರೂ, ಕಿಬ್ಬೊಟ್ಟೆ ನೋವಿನ ಜೊತೆ ಜ್ವರ ಇದ್ದರೂ ಅದೇ ವಾರ ತೋರಿಸಬೇಕು.

ಸಭೆಯಿಂದ ಬಂದ ಎರಡು ಪ್ರಶ್ನೆಗಳು

ಮೀನು, ಸಿಗಡಿ ತಿಂದರೆ ಅಲರ್ಜಿ ಆಗುವವರು ಅಯೋಡಿನ್ ಹಚ್ಚಬಾರದೇ ಎಂದು ಒಬ್ಬರು ಕೇಳಿದರು. ಆ ಅಲರ್ಜಿ ಮೀನಿನ ಪ್ರೋಟೀನಿಗೆ, ಅಯೋಡಿನ್‌ಗಲ್ಲ. ಆದರೆ ಪೊವಿಡೋನ್ ಅಯೋಡಿನ್ ಹಚ್ಚಿದ ಜಾಗವೇ ಕೆಂಪಾಗಿ ದದ್ದು ಎದ್ದರೆ ತೊಳೆದು ನಿಲ್ಲಿಸಿ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಹೇಳಿ.

‘ಇಷ್ಟು ದಿನ ಒಳಗೆ ಹಾಕಿಕೊಂಡಿದ್ದೇವಲ್ಲ, ಈಗೇನು ಮಾಡುವುದು?’ ಎಂಬುದು ಇನ್ನೊಂದು. ಹೆದರಬೇಡಿ, ಇವತ್ತಿನಿಂದ ನಿಲ್ಲಿಸಿ. ಒಂದೆರಡು ಸಲ ಮಾಡಿದ್ದರೆ ಏನೂ ಮಾಡಬೇಕಾಗಿಲ್ಲ. ವಾರಗಟ್ಟಲೆ ಬಳಸಿದ್ದು, ಸುಸ್ತು ಅಥವಾ ಎದೆಬಡಿತ ಇದ್ದರೆ, ಥೈರಾಯ್ಡ್ ಹೇಗಿದೆ ಎಂದು ತಿಳಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಬಸುರಿನಲ್ಲಿ ಬಳಸಿದ್ದರೆ ಹೆರಿಗೆ ಡಾಕ್ಟರಿಗೂ, ಆಮೇಲೆ ಮಕ್ಕಳ ಡಾಕ್ಟರಿಗೂ ತಿಳಿಸಿ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಎರಡು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುವ ಪರೀಕ್ಷೆಯನ್ನು ಆಗ ತಪ್ಪಿಸಲೇಬಾರದು. ಸ್ರಾವ ತೋರಿಸಲು ಹೋಗುವವರು ಎರಡು ದಿನ ಮುಂಚಿನಿಂದ ಒಳಗೆ ಏನನ್ನೂ ಹಾಕದೆ, ಹೊರಗೆ ಬರೀ ನೀರಿನಿಂದ ತೊಳೆದುಕೊಂಡು ಹೋಗಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಕಾಣಬೇಕಾದದ್ದು ಕಾಣುವುದಿಲ್ಲ. ಬಳಸುತ್ತಿದ್ದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರ ಲೇಬಲ್ ನೋಡಿದರೆ ಡಾಕ್ಟರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.